ವರ್ಚುವಲ್ ಮಷೀನ್‌ಗೆ ಯಾವ ಬ್ಯಾಕಪ್? ಮರಳಿ ತರುವ ಕಡೆಯಿಂದ ಯೋಚಿಸೋಣ

ಇವತ್ತಿನ ಸಂಚಿಕೆಯಲ್ಲಿ ಜೀವಕೋಶ, ವಂಶವಾಹಿ ಯಾವುದೂ ಇಲ್ಲ. ಹಾಗಂತ ನಮ್ಮ ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ವಿಷಯವೂ ಅಲ್ಲ.

ಹೋದ ತಿಂಗಳು ಮಸ್ಕತ್‌ನಿಂದ ಕೇಳುಗರೊಬ್ಬರು ಬರೆದಿದ್ದರು. ಅಲ್ಲಿ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಅವರದು. "ಮೇಡಂ, ನಮ್ಮಲ್ಲಿ ಒಂದೇ ಸರ್ವರ್ ಇದೆ, ಅದರೊಳಗೆ ಮೂರು ವರ್ಚುವಲ್ ಮಷೀನ್ ಓಡ್ತವೆ, ಒಟ್ಟು 600 ಜಿಬಿ. ಬ್ಯಾಕಪ್ ಹೇಗಿರಬೇಕು ಅಂತ ಕೇಳಿದ್ರೆ ಮೂರು ಕಂಪನಿಯವರು ಮೂರು ಥರ ಹೇಳ್ತಾರೆ. ಕಂಪ್ಯೂಟರ್ ಗೊತ್ತಿರೋರು ಲ್ಯಾಬ್‌ನಲ್ಲಿ ನಾನೊಬ್ಬನೇ ಅಂತ ನನ್ನ ತಲೆಗೆ ಕಟ್ಟಿದ್ದಾರೆ, ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲ" ಅಂತ. ಓದಿ ನಗು ಬಂತು, ಯಾಕಂದ್ರೆ ಪ್ರಪಂಚದ ಅರ್ಧ ಲ್ಯಾಬ್‌ಗಳ ಕಥೆ ಇದೇ.

ನಾನೂ ಕಂಪ್ಯೂಟರ್ ಓದಿದವಳಲ್ಲ. ಜೀಬ್ರಾಮೀನಿನ ಭ್ರೂಣದಲ್ಲಿ ಹೃದಯ ಹೇಗೆ ರೂಪುಗೊಳ್ಳುತ್ತೆ ಅನ್ನೋದು ನನ್ನ ಕೆಲಸ. ಆದರೆ ಈ ಪ್ರಶ್ನೆಗೆ ಉತ್ತರ ಹೇಳೋ ಅರ್ಹತೆಯನ್ನು ನಾನು ಸ್ವಲ್ಪ ದುಬಾರಿ ಬೆಲೆ ಕೊಟ್ಟೇ ಸಂಪಾದಿಸಿದ್ದೇನೆ. ಇಲ್ಲಿ ಜರ್ಮನಿಯಲ್ಲಿ ನಾನಿದ್ದ ಲ್ಯಾಬ್ 2022ರಲ್ಲಿ 19 ದಿನಗಳ ದತ್ತಾಂಶ ಕಳೆದುಕೊಂಡಿತು. ಬ್ಯಾಕಪ್ ಇರಲಿಲ್ಲ ಅಂತಲ್ಲ. ಇತ್ತು. ದಿನಾ ರಾತ್ರಿ ಎರಡು ಗಂಟೆಗೆ ಓಡುತ್ತಿತ್ತು, ದಿನಾ ಬೆಳಿಗ್ಗೆ "ಯಶಸ್ವಿ" ಅಂತ ಮೇಲ್ ಬರುತ್ತಿತ್ತು.

ಮೊದಲು ವರ್ಚುವಲ್ ಮಷೀನ್ ಅಂದ್ರೆ ಏನು ಅಂತ ಎರಡು ಮಾತು. ಗೊತ್ತಿರುವವರು ಒಂದು ನಿಮಿಷ ಮುಂದಕ್ಕೆ ಓಡಿಸಿಕೊಳ್ಳಿ. ಒಂದು ದೊಡ್ಡ ಕಂಪ್ಯೂಟರ್ ಒಳಗೆ ಹೈಪರ್‌ವೈಸರ್ ಅನ್ನೋ ತಂತ್ರಾಂಶ ಕೂತಿರುತ್ತೆ. ವಿಎಂವೇರ್, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಇವೆಲ್ಲ ಅದೇ ಜಾತಿ. ಅದು ತನ್ನ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲವನ್ನೂ ಪಾಲು ಮಾಡಿ, ಒಳಗೆ ಹಲವು ಕಂಪ್ಯೂಟರ್‌ಗಳಿವೆ ಅನ್ನೋ ಭ್ರಮೆ ಹುಟ್ಟಿಸುತ್ತೆ. ಒಂದೊಂದಕ್ಕೂ ಅದರದ್ದೇ ವಿಂಡೋಸ್ ಅಥವಾ ಲಿನಕ್ಸ್. ಒಳಗಿನಿಂದ ನೋಡಿದರೆ ಅದೊಂದು ಇಡೀ ಕಂಪ್ಯೂಟರ್. ಹೊರಗಿನಿಂದ ನೋಡಿದರೆ, ಬಹುಪಾಲು, ಒಂದೆರಡು ದೊಡ್ಡ ಫೈಲ್‌ಗಳು ಮತ್ತು "ಇದಕ್ಕೆ ನಾಲ್ಕು ಪ್ರೊಸೆಸರ್, 16 ಜಿಬಿ ಮೆಮೊರಿ" ಅಂತ ಬರೆದಿಟ್ಟ ಒಂದು ಚೀಟಿ.

ಇಡೀ ಕಂಪ್ಯೂಟರೇ ಒಂದು ಫೈಲ್ ಆಗಿದ್ದರೆ ಬ್ಯಾಕಪ್ ಎಷ್ಟು ಸುಲಭ, ಕಾಪಿ ಮಾಡಿಟ್ಟರೆ ಆಯ್ತಲ್ಲ ಅನ್ನಿಸುತ್ತೆ. ನಮಗೂ ಹಾಗೇ ಅನ್ನಿಸಿತ್ತು.

ನಮ್ಮ ಆ ವಿಎಂನಲ್ಲಿ ಎರಡು ವಿಷಯ ಇದ್ದವು. ಒಂದು, ದ್ರವ ಸಾರಜನಕದ ತೊಟ್ಟಿಗಳಲ್ಲಿ ಯಾವ ಪೆಟ್ಟಿಗೆಯ ಯಾವ ಮನೆಯಲ್ಲಿ ಯಾವ ಮಾದರಿ ಇದೆ ಅನ್ನೋ ಪಟ್ಟಿ. ಇನ್ನೊಂದು, ಭ್ರೂಣಗಳನ್ನು ನೋಡಿ ನಾವು ದಾಖಲಿಸುತ್ತಿದ್ದ ಅವಲೋಕನಗಳು. ಜೀಬ್ರಾಮೀನಿನ ಮೊಟ್ಟೆ ಫಲಿತವಾಗಿ ಸುಮಾರು 24 ಗಂಟೆಗೆ ಅದರ ಹೃದಯ ಬಡಿಯೋಕೆ ಶುರುವಾಗುತ್ತೆ. 48ರಿಂದ 72 ಗಂಟೆಯೊಳಗೆ ಮರಿ ಹೊರಗೆ ಬರುತ್ತೆ. ಭ್ರೂಣ ಗಾಜಿನಂತೆ ಪಾರದರ್ಶಕ, ಹಾಗಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಡಿತವನ್ನು ಕಣ್ಣಾರೆ ಎಣಿಸಬಹುದು. ಎಣಿಸಿದ ಸಂಖ್ಯೆ ನೇರ ಡೇಟಾಬೇಸ್‌ಗೆ. ಆ ಗಂಟೆ ಕಳೆದರೆ ಆ ಭ್ರೂಣ ಮತ್ತೆ ಆ ವಯಸ್ಸಿಗೆ ಬರೋದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆ ವಿಎಂ ಸ್ತಬ್ಧವಾಗಿತ್ತು. ಕಾರಣ ಹುಡುಕಿದರೆ, ಕೆಲವು ತಿಂಗಳ ಹಿಂದೆ ಯಾವುದೋ ಅಪ್‌ಗ್ರೇಡ್ ಮಾಡುವ ಮುಂಚೆ "ಇರಲಿ" ಅಂತ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದನ್ನು ಯಾರೂ ಅಳಿಸಿರಲಿಲ್ಲ. ಅದು ಬೆಳೆದೂ ಬೆಳೆದೂ ಸ್ಟೋರೇಜ್ ಪೂರ್ತಿ ತುಂಬಿತ್ತು. ಬರೆಯೋಕೆ ಜಾಗ ಇಲ್ಲದೆ, ಡೇಟಾಬೇಸ್ ಇದ್ದ ಡಿಸ್ಕ್ ಅರ್ಧಂಬರ್ಧ ಬರೆದು ಕೆಟ್ಟು ಕೂತಿತ್ತು. ಪರವಾಗಿಲ್ಲ, ರಾತ್ರಿಯ ಬ್ಯಾಕಪ್ ಇದೆಯಲ್ಲ ಅಂತ ಮರಳಿ ತಂದೆವು. ವಿಎಂ ಎದ್ದಿತು. ಲಾಗಿನ್ ಪರದೆ ಬಂತು. ಒಳಗೆ ಹೋದರೆ ಡೇಟಾಬೇಸೇ ಇಲ್ಲ.

ಏನಾಗಿತ್ತು ಅಂದ್ರೆ, ಆ ವಿಎಂಗೆ ಎರಡು ಡಿಸ್ಕ್ ಇದ್ದವು. ಒಂದರಲ್ಲಿ ಲಿನಕ್ಸ್, 32 ಜಿಬಿ. ಇನ್ನೊಂದರಲ್ಲಿ ಡೇಟಾಬೇಸ್. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಡಿಸ್ಕ್‌ಗೂ "ಬ್ಯಾಕಪ್" ಅಂತ ಒಂದು ಟಿಕ್ ಇರುತ್ತೆ. ಯಾವಾಗಲೋ, ಬ್ಯಾಕಪ್ ಬಹಳ ಹೊತ್ತು ತೆಗೆದುಕೊಳ್ಳುತ್ತೆ ಅಂತ, ಎರಡನೇ ಡಿಸ್ಕ್‌ನ ಆ ಟಿಕ್ ಅನ್ನು ಯಾರೋ ತೆಗೆದಿದ್ದರು. ಅಂದಿನಿಂದ ದಿನಾ ಬರುತ್ತಿದ್ದ ವರದಿಯ ನಡುವೆ ಒಂದು ಸಾಲು ಇರುತ್ತಿತ್ತು, ಈ ಡಿಸ್ಕ್ ಅನ್ನು ಬಿಟ್ಟಿದ್ದೇನೆ, ಯಾಕಂದ್ರೆ ಬಿಡಬೇಕು ಅಂತ ಸೂಚನೆ ಇದೆ, ಅಂತ. ತಂತ್ರಾಂಶ ಸುಳ್ಳು ಹೇಳಲಿಲ್ಲ. ಹೇಳಿದ ಕೆಲಸ ಮಾಡಿ "ಯಶಸ್ವಿ" ಅಂತ ಮೇಲ್ ಕಳಿಸಿತು. ನಾವು ಮೇಲ್‌ನ ಶೀರ್ಷಿಕೆ ಮಾತ್ರ ಓದುತ್ತಿದ್ದೆವು. ನಾನಂತೂ ಅದನ್ನೂ ಓದದೆ ಒಂದು ಫೋಲ್ಡರ್‌ಗೆ ತಾನೇ ಹೋಗುವ ಹಾಗೆ ಮಾಡಿಟ್ಟಿದ್ದೆ.

ಕೊನೆಗೆ ಕೈ ಹಿಡಿದದ್ದು ಸಹೋದ್ಯೋಗಿಯೊಬ್ಬಳ ಲ್ಯಾಪ್‌ಟಾಪ್. ಲ್ಯಾಬ್ ಮೀಟಿಂಗ್‌ಗೆ ಗ್ರಾಫ್ ಬರೆಯೋಕೆ ಅಂತ 19 ದಿನದ ಹಿಂದೆ ಅವಳು ಎಲ್ಲ ಕೋಷ್ಟಕಗಳನ್ನು ಇಳಿಸಿಕೊಂಡಿದ್ದಳು. ಆಮೇಲಿನದ್ದು ಹೋಯಿತು. ಆ 19 ದಿನದ ಎಣಿಕೆಗಳಲ್ಲಿ ಬಹುಪಾಲು ಅವಳದ್ದೇ ಪಿಎಚ್‌ಡಿ ಕೆಲಸ. ಮತ್ತೆ ಮೀನುಗಳನ್ನು ಜೋಡಿ ಮಾಡಿ, ಮೊಟ್ಟೆ ತೆಗೆದು, ರಾತ್ರಿ ಹಗಲು ಎಣಿಸಿ ಮುಗಿಸೋಕೆ ಎರಡು ತಿಂಗಳಾಯಿತು. ಅವಳ ವಿದ್ಯಾರ್ಥಿವೇತನದ ಅವಧಿ ಮಾತ್ರ ಎರಡು ತಿಂಗಳು ಮುಂದೆ ಹೋಗಲಿಲ್ಲ.

ಈಗ ವಿಧಾನಗಳಿಗೆ ಬರೋಣ. ಇನ್ನು ಮುಂದೆ ವಿಎಂ ಅಂತಲೇ ಹೇಳ್ತೀನಿ. ಮಾರಾಟದವರು "ನಮ್ಮದು ಇಷ್ಟು ವೇಗವಾಗಿ ಬ್ಯಾಕಪ್ ತೆಗೆಯುತ್ತೆ" ಅಂತ ಶುರು ಮಾಡುತ್ತಾರೆ. ನೀವು ಆ ತುದಿಯಿಂದ ಶುರು ಮಾಡಬೇಡಿ. ಒಂದು ದಿನ ಬೆಳಿಗ್ಗೆ ಸರ್ವರ್ ಸುಟ್ಟು ಹೋಗಿದೆ ಅಂತ ಅಂದುಕೊಂಡು ಹಿಂದಕ್ಕೆ ನಡೆಯಿರಿ. ಎರಡು ಪ್ರಶ್ನೆ ಬರುತ್ತವೆ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತು ಈ ವಿಎಂ ಇಲ್ಲದೆ ಇರಬಹುದು? ಮೊದಲನೆಯದಕ್ಕೆ ಆರ್‌ಪಿಒ, ಎರಡನೆಯದಕ್ಕೆ ಆರ್‌ಟಿಒ ಅಂತ ಹೆಸರು. ಯಾವ ಕಂಪನಿಯ ಪ್ರಸ್ತಾವದಲ್ಲೂ ಈ ಎರಡು ಅಕ್ಷರಗುಚ್ಛ ಕಾಣುತ್ತವೆ. ಆದರೆ ಸಂಖ್ಯೆ ತುಂಬಬೇಕಾದವರು ನೀವು, ಅವರಲ್ಲ. ನಮ್ಮ ಮಾದರಿ ಪಟ್ಟಿ ಎರಡು ದಿನ ಇಲ್ಲದಿದ್ದರೂ ನಡೆಯುತ್ತೆ, ತೊಟ್ಟಿಯ ಮುಚ್ಚಳ ತೆಗೆಯದಿದ್ದರೆ ಆಯಿತು. ಆದರೆ ಅದರಲ್ಲಿ ಒಂದು ವಾರದ ಬದಲಾವಣೆ ಕಳೆದರೆ ಮೈನಸ್ 196 ಡಿಗ್ರಿಯಲ್ಲಿ ಕೂತಿರುವ ಸಣ್ಣ ಸೀಸೆಗಳಲ್ಲಿ ಯಾವುದು ಯಾವುದೋ. ಭ್ರೂಣದ ಎಣಿಕೆ ಹಾಗಲ್ಲ, ಅಲ್ಲಿ ಅರ್ಧ ದಿನ ಕಳೆದರೂ ಹೊಟ್ಟೆ ಉರಿಯುತ್ತೆ. ಒಂದೇ ವಿಎಂ ಒಳಗೇ ಎರಡು ಬೇರೆ ಉತ್ತರ.

ಸ್ನ್ಯಾಪ್‌ಶಾಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಎಡವೋದು ಹೆಚ್ಚಾಗಿ ಇಲ್ಲೇ. ಹೆಸರು ಕೇಳಿದರೆ ಫೋಟೊ ತೆಗೆದಿಟ್ಟ ಹಾಗೆ, ಇಡೀ ಡಿಸ್ಕ್‌ನ ಒಂದು ಪ್ರತಿ ಎಲ್ಲೋ ಕೂತಿದೆ ಅನ್ನಿಸುತ್ತೆ. ಹಾಗಿದ್ದರೆ 500 ಜಿಬಿ ಡಿಸ್ಕ್‌ನ ಸ್ನ್ಯಾಪ್‌ಶಾಟ್ ಎರಡು ಸೆಕೆಂಡಿನಲ್ಲಿ ಆಗೋದು ಹೇಗೆ? ಅಲ್ಲಿ ಪ್ರತಿ ಆಗೋದೇ ಇಲ್ಲ. ವಿಎಂವೇರ್‌ನಲ್ಲಿ ಮೂಲ ಡಿಸ್ಕ್ ಫೈಲ್ ಅನ್ನು ಇದ್ದಲ್ಲೇ ನಿಲ್ಲಿಸಿ, ಇನ್ನು ಮುಂದಿನ ಬದಲಾವಣೆಗಳನ್ನೆಲ್ಲ ಪಕ್ಕದಲ್ಲಿ ಹೊಸ ಫೈಲ್‌ಗೆ ಬರೆಯುತ್ತಾ ಹೋಗುತ್ತೆ. ಬೇರೆ ಕಡೆ ರೀತಿ ಸ್ವಲ್ಪ ಬೇರೆ, ತತ್ವ ಒಂದೇ. ಹಳೆಯದು ಮತ್ತು ಹೊಸದು ಎರಡೂ ಬದಲಾಗದ ಭಾಗವನ್ನು ಹಂಚಿಕೊಂಡಿರುತ್ತವೆ. ಆ ಹಂಚಿಕೊಂಡ ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೇಲಾಗಿ ಬದಲಾವಣೆಗಳು ಸೇರಿದಷ್ಟೂ ಜಾಗ ತಿನ್ನುತ್ತೆ, ನಮ್ಮಲ್ಲಿ ಆದ ಹಾಗೆ. ವಿಎಂವೇರ್‌ನವರೇ ತಮ್ಮ ಕೈಪಿಡಿಯಲ್ಲಿ ಇದನ್ನು ಬ್ಯಾಕಪ್ ಅಂತ ನಂಬಬೇಡಿ, ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಅಂತ ಹೇಳುತ್ತಾರೆ. ಸರಪಳಿಯಲ್ಲಿ 32ರವರೆಗೆ ಇಡಲು ಬರುತ್ತಾದರೂ ಎರಡು ಮೂರಕ್ಕೆ ನಿಲ್ಲಿಸಿ ಅನ್ನೋದು ಅವರದೇ ಸಲಹೆ.

ಹಾಗಾದರೆ ಸ್ನ್ಯಾಪ್‌ಶಾಟ್ ಯಾತಕ್ಕೆ? ಅಪ್‌ಗ್ರೇಡ್ ಮಾಡುವ ಮುಂಚೆ ತೆಗೆದು, ಎಲ್ಲ ಸರಿ ಇದೆ ಅಂತ ಕಂಡ ಮೇಲೆ ಅಳಿಸೋಕೆ. ಅಳಿಸುವ ದಿನಾಂಕವನ್ನು ಅದರ ಹೆಸರಿನಲ್ಲೇ ಬರೆದಿಡಿ. ಈಗ ನಮ್ಮಲ್ಲಿ ಅದು ನಿಯಮ.

ಇನ್ನು ನಿಜವಾದ ಬ್ಯಾಕಪ್. ಹೈಪರ್‌ವೈಸರ್ ಹೊರಗೆ ನಿಂತು ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸೋದು ಒಂದು ದಾರಿ, ಇದಕ್ಕೆ ಇಮೇಜ್ ಬ್ಯಾಕಪ್ ಅಂತಾರೆ. ವಿಎಂ ಒಳಗೇ ಒಂದು ಏಜೆಂಟ್ ಕೂತು ಬೇಕಾದ ಫೈಲ್ ಅಷ್ಟೇ ಕಳಿಸೋದು ಇನ್ನೊಂದು ದಾರಿ. ಡೇಟಾಬೇಸ್ ಇದ್ದರೆ ಅದರದ್ದೇ ಸಾಧನದಿಂದ ಒಳಗಿನದನ್ನು ಹೊರಕ್ಕೆ ತೆಗೆಯೋದು ಮೂರನೆಯದು, ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ-ಡಂಪ್ ಅಂತ ಇದೆಯಲ್ಲ, ಹಾಗೆ. ಇಮೇಜ್ ಇದ್ದರೆ ಸುಟ್ಟ ಸರ್ವರ್ ಬದಲಿಗೆ ಹೊಸದು ತಂದು ಇಡೀ ವಿಎಂ ಎಬ್ಬಿಸಬಹುದು, ವಿಂಡೋಸ್ ಮತ್ತೆ ಹಾಕು, ಲೈಸೆನ್ಸ್ ಹುಡುಕು ಅನ್ನೋ ರಗಳೆ ಇಲ್ಲ. ಆದರೆ "ಮಂಗಳವಾರ ಮಧ್ಯಾಹ್ನ ಯಾರೋ ಒಂದು ಕೋಷ್ಟಕ ಅಳಿಸಿದರು, ಅದೊಂದನ್ನೇ ತನ್ನಿ" ಅಂದರೆ ಇಮೇಜ್ ಭಾರವಾದ ಸಾಧನ. ಅಲ್ಲಿ ಡೇಟಾಬೇಸ್ ಡಂಪ್ ಹಗುರ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಒಂದನ್ನು ಆರಿಸೋದಲ್ಲ. ವಿಎಂಗೆ ಇಮೇಜ್, ಒಳಗಿನ ಡೇಟಾಬೇಸ್‌ಗೆ ಪ್ರತ್ಯೇಕ ಡಂಪ್, ಎರಡೂ ಇರಬೇಕು.

ಯಾಕೆ ಎರಡೂ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಓಡುತ್ತಿರುವ ವಿಎಂನ ಇಮೇಜ್ ತೆಗೆದಾಗ ಒಳಗಿನ ಡೇಟಾಬೇಸ್ ಅರ್ಧ ವಾಕ್ಯ ಬರೆಯುತ್ತಿರಬಹುದು. ಆ ಇಮೇಜ್ ಅನ್ನು ಎಬ್ಬಿಸಿದರೆ ಅದಕ್ಕೆ ತಟ್ಟನೆ ಕರೆಂಟ್ ಹೋಗಿ ಬಂದ ಹಾಗೆ ಅನುಭವ. ಪೋಸ್ಟ್‌ಗ್ರೆಸ್‌ನಂಥವು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತವೆ. ಎದ್ದ ಮೇಲೆ ದಿನಚರಿ ಓದಿ ಸರಿಪಡಿಸಿಕೊಳ್ಳುತ್ತವೆ. ಆದರೆ ಒಂದು ಷರತ್ತು, ಎಲ್ಲ ಡಿಸ್ಕ್‌ಗಳ ಪ್ರತಿಯೂ ಒಂದೇ ಕ್ಷಣದ್ದಾಗಿರಬೇಕು. ದಿನಚರಿ ಒಂದು ಡಿಸ್ಕ್‌ನಲ್ಲಿ, ದತ್ತಾಂಶ ಇನ್ನೊಂದರಲ್ಲಿ ಇದ್ದು, ಎರಡರ ಪ್ರತಿಗಳ ನಡುವೆ ಹತ್ತು ಸೆಕೆಂಡ್ ಅಂತರ ಇದ್ದರೂ ಹೊಂದಾಣಿಕೆ ತಪ್ಪುತ್ತೆ. ಇದಕ್ಕೇ ಬ್ಯಾಕಪ್ ತಂತ್ರಾಂಶ ವಿಎಂ ಒಳಗಿನ ಒಬ್ಬ ಸಹಾಯಕನನ್ನು ಮಾತನಾಡಿಸಿ, "ಒಂದು ಕ್ಷಣ ಬರೆಯೋದು ನಿಲ್ಲಿಸಿ, ಕೈಯಲ್ಲಿರೋದನ್ನು ಮುಗಿಸಿ" ಅಂತ ಹೇಳಿಸುತ್ತೆ. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ವಿಎಸ್‌ಎಸ್ ಅನ್ನೋ ವ್ಯವಸ್ಥೆ ಇದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್ ಅಂತ ಒಂದನ್ನು ಒಳಗೆ ಹಾಕಬೇಕು. ಹಾಕದೇ ಇದ್ದರೂ ಬ್ಯಾಕಪ್ "ಯಶಸ್ವಿ" ಅಂತಲೇ ಬರುತ್ತೆ.

ಲ್ಯಾಬ್‌ನವರಿಗೆ ಇದು ಹೊಸದಲ್ಲ. ಜೀವಕೋಶಗಳನ್ನು ಹೆಪ್ಪುಗಟ್ಟಿಸುವಾಗ ನಾವು ಸೀದಾ ದ್ರವ ಸಾರಜನಕಕ್ಕೆ ಹಾಕೋದಿಲ್ಲ. ಹಾಕಿದರೆ ಒಳಗೆ ಮಂಜಿನ ಹರಳು ಬೆಳೆದು ಕೋಶ ಸಾಯುತ್ತೆ. ರಕ್ಷಕ ದ್ರಾವಣ ಸೇರಿಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗೆ ಮಾಡಿ, ಆಮೇಲೆ ತೊಟ್ಟಿಗೆ ಇಳಿಸುತ್ತೇವೆ. ಹೊರಗಿನಿಂದ ನೋಡಿದರೆ ಎರಡು ಸೀಸೆಗಳೂ ಒಂದೇ ಥರ. ಬದುಕಿದೆಯಾ ಇಲ್ಲವಾ ಗೊತ್ತಾಗೋದು ಕರಗಿಸಿದ ದಿನ.

ದಿನಾ 600 ಜಿಬಿ ಕಳಿಸಬೇಕಾ ಅಂತ ಕೇಳಬಹುದು. ಬೇಡ. ಈಗಿನ ಹೈಪರ್‌ವೈಸರ್‌ಗಳು ನಿನ್ನೆಯಿಂದ ಡಿಸ್ಕ್‌ನ ಯಾವ ಯಾವ ತುಂಡು ಬದಲಾಗಿದೆ ಅಂತ ಲೆಕ್ಕ ಇಟ್ಟುಕೊಳ್ಳುತ್ತವೆ, ಅಷ್ಟೇ ಕಳಿಸಿದರೆ ಸಾಕು. ನಾವು ಈಗ ಬಳಸುವ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ವಿಎಂ ಡಿಸ್ಕ್ ಅನ್ನು 4 ಎಂಬಿಯ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಒಂದು ಬೆರಳಚ್ಚು ಲೆಕ್ಕ ಹಾಕಿ, ಅದೇ ಬೆರಳಚ್ಚಿನ ತುಂಡು ಮೊದಲೇ ಇದ್ದರೆ ಮತ್ತೆ ಇಟ್ಟುಕೊಳ್ಳೋದಿಲ್ಲ. ಮೂವತ್ತು ದಿನದ ಮೂವತ್ತು ಬ್ಯಾಕಪ್ ಇಟ್ಟರೂ ಜಾಗ ಮೂವತ್ತು ಪಟ್ಟು ಬೇಕಾಗೋದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೂವತ್ತು ಬ್ಯಾಕಪ್ ಒಂದೇ ತುಂಡನ್ನು ಹಂಚಿಕೊಂಡಿದ್ದರೆ, ಆ ತುಂಡು ಕೆಟ್ಟ ದಿನ ಮೂವತ್ತೂ ಕೆಟ್ಟ ಹಾಗೆ. ಆದ್ದರಿಂದ ತುಂಡುಗಳು ಸರಿ ಇವೆಯಾ ಅಂತ ನಿಯಮಿತವಾಗಿ ಪರೀಕ್ಷಿಸುವ ಕೆಲಸವನ್ನೂ ಅದಕ್ಕೆ ಹಚ್ಚಬೇಕು, ಮತ್ತು ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಬೇರೆ ಕಡೆ ಅಂದ್ರೆ ಎಷ್ಟು ಬೇರೆ? ಮನೆಯಲ್ಲಿ ಹೆಪ್ಪಿಗೆ ಇಟ್ಟ ಮೊಸರು ಕೆಟ್ಟರೆ ಅಮ್ಮ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದಳು, ಅದೇ ಫ್ರಿಜ್‌ನ ಇನ್ನೊಂದು ಡಬ್ಬಿಗೆ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಐದು ಮಹಡಿಯ ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್‌ಗೆ ಅಂತ ಬೇರೆಯಾಗಿ ಹಣ ಕಟ್ಟಿದ್ದ ಕೆಲವು ಗ್ರಾಹಕರಿಗೆ ಆಮೇಲೆ ಗೊತ್ತಾಯಿತು, ಬ್ಯಾಕಪ್ ಕೂಡ ಅದೇ ಜಾಗದಲ್ಲಿತ್ತು ಅಂತ. ಅಂಥ ಒಂದು ಪ್ರಕರಣದಲ್ಲಿ 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ಗ್ರಾಹಕರಿಗೆ ಪರಿಹಾರ ಕೊಡಿಸಿತು. ಪರಿಹಾರ ಬಂತು, ದತ್ತಾಂಶ ಬರಲಿಲ್ಲ.

ಎರಡು ಕಡೆ ಇದ್ದರೂ ಸಾಲದು ಅನ್ನೋದಕ್ಕೆ ಆಸ್ಟ್ರೇಲಿಯಾದ ಯೂನಿಸೂಪರ್ ಉದಾಹರಣೆ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಪಿಂಚಣಿ ನಿಧಿ ಅದು. ಅವರ ವಿಎಂಗಳು ಗೂಗಲ್ ಕ್ಲೌಡ್‌ನಲ್ಲಿ ಓಡುತ್ತಿದ್ದವು, ಎರಡು ವಲಯಗಳಲ್ಲಿ ಜೋಡಿಯಾಗಿ. 2024ರ ಮೇ ತಿಂಗಳಲ್ಲಿ ಅವು ಎರಡೂ ಕಡೆ ಅಳಿಸಿಹೋದವು. ಬೆಂಕಿಯಲ್ಲ, ಕಳ್ಳರಲ್ಲ. ವ್ಯವಸ್ಥೆ ಶುರು ಮಾಡುವಾಗ ಗೂಗಲ್ ಕಡೆಯವರು ಒಂದು ಖಾನೆ ಖಾಲಿ ಬಿಟ್ಟಿದ್ದರು. ಖಾಲಿ ಅಂದರೆ ಒಂದು ವರ್ಷದ ಅವಧಿ ಅಂತ ತಂತ್ರಾಂಶ ಅರ್ಥ ಮಾಡಿಕೊಂಡಿತು, ವರ್ಷ ತುಂಬಿದ ದಿನ ತಾನೇ ಅಳಿಸಿತು. ಯೂನಿಸೂಪರ್‌ನವರು ಇನ್ನೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದರು. ಸೇವೆ ಮರಳಲು ಒಂದು ವಾರದ ಮೇಲೆ ಹಿಡಿದರೂ ಖಾತೆಗಳು ಉಳಿದವು. ನೋಡಿ, ಜೋಡಿ ಪ್ರತಿ ಮತ್ತು ಬ್ಯಾಕಪ್ ನಡುವಿನ ವ್ಯತ್ಯಾಸ ಇದು. ಜೋಡಿ ಪ್ರತಿ ಅಂದರೆ ರೆಪ್ಲಿಕೇಶನ್, ಇಲ್ಲಿ ಆದದ್ದೆಲ್ಲ ಅಲ್ಲೂ ಆಗುತ್ತೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತೆ. ಒಂದು ಯಂತ್ರ ಕೆಟ್ಟಾಗ ಬೇಗ ಎದ್ದು ನಿಲ್ಲೋಕೆ ಅದು ಬೇಕು, ತಪ್ಪಿನಿಂದ ಹಿಂದಕ್ಕೆ ಹೋಗೋಕೆ ಅದರಿಂದ ಆಗೋದಿಲ್ಲ.

ಕಳ್ಳರ ವಿಷಯವೂ ಇದೆ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ-ಆರ್ಗ್ಸ್ ಅನ್ನೋ ಸುಲಿಗೆ ತಂತ್ರಾಂಶ, ವಿಎಂವೇರ್ ಹೈಪರ್‌ವೈಸರ್‌ನ ಎರಡು ವರ್ಷ ಹಳೆಯ ಒಂದು ದೋಷವನ್ನು ಸರಿಪಡಿಸಿಕೊಳ್ಳದ ಸಾವಿರಾರು ಸರ್ವರ್‌ಗಳಿಗೆ ನುಗ್ಗಿತು. ಒಂದೊಂದು ವಿಎಂ ಒಳಗೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳದೆ ಹೊರಗಿನಿಂದಲೇ ವಿಎಂ ಫೈಲ್‌ಗಳಿಗೆ ಬೀಗ ಜಡಿಯಿತು. ಇಂಥವರು ಒಳಗೆ ಬಂದ ಮೇಲೆ ಮೊದಲು ಹುಡುಕೋದು ಬ್ಯಾಕಪ್ ಎಲ್ಲಿದೆ ಅಂತ. ಆದ್ದರಿಂದ ಬ್ಯಾಕಪ್ ಯಂತ್ರಕ್ಕೆ ಬೇರೆಯದೇ ಪಾಸ್‌ವರ್ಡ್ ಇರಲಿ, ಮತ್ತು ವಿಎಂ ಓಡುವ ಸರ್ವರ್‌ಗೆ ಹಳೆಯ ಬ್ಯಾಕಪ್ ಅಳಿಸುವ ಅಧಿಕಾರ ಇಲ್ಲದಿರಲಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅನ್ನೋ ಪ್ರಸಿದ್ಧ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಅನ್ನೋ ಛಾಯಾಗ್ರಾಹಕ, ಕಂಪ್ಯೂಟರ್ ಎಂಜಿನಿಯರ್ ಅಲ್ಲ. ತೆಗೆದ ಚಿತ್ರ ಹೋದರೆ ಮತ್ತೆ ತೆಗೆಯೋಕೆ ಆಗದವರಿಗೆ ಈ ಲೆಕ್ಕ ಬೇಗ ಹೊಳೆಯುತ್ತೆ ಅಂತ ಕಾಣುತ್ತೆ.

ಈಗ ಗಿಟ್‌ಲ್ಯಾಬ್ ಕಥೆ. ಇದನ್ನು ಬಿಡೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಅವರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿದರು. 2017ರ ಜನವರಿ 31ರ ರಾತ್ರಿ, ದಣಿದಿದ್ದ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಫೋಲ್ಡರ್ ಅಳಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ನೋಡಿದರೆ, ಡಂಪ್ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸ್ ಆವೃತ್ತಿಗೆ ಹೊಂದದೆ ಅದು ಸುಮ್ಮನೆ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ಎಚ್ಚರಿಸುವ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕ್ಲೌಡ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಡೇಟಾಬೇಸ್ ಸರ್ವರ್‌ಗಳಿಗೆ ಹಚ್ಚಿರಲೇ ಇಲ್ಲ. ಉಳಿಸಿದ್ದು, ಬೇರೆ ಯಾವುದೋ ಪರೀಕ್ಷೆಗೆ ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಪ್ರತಿ. ನನ್ನ ಸಹೋದ್ಯೋಗಿಯ ಲ್ಯಾಪ್‌ಟಾಪ್ ನೆನಪಾಯಿತಲ್ಲವೇ? ಅದನ್ನು ನಿಧಾನದ ಡಿಸ್ಕ್‌ನಿಂದ ಎಳೆದು ತಂದು ಸೇವೆ ಮತ್ತೆ ಶುರುವಾಗುವಷ್ಟರಲ್ಲಿ 18 ಗಂಟೆ ಆಗಿತ್ತು.

ನಮ್ಮಜ್ಜಿ ದಾವಣಗೆರೆ ಕಡೆಯವರು. ಬಿತ್ತನೆ ಜೋಳವನ್ನು ಬೂದಿ ಬೆರೆಸಿ ಬೇರೆಯೇ ತೆಗೆದಿಡುತ್ತಿದ್ದರು, ಎಷ್ಟೇ ಕಷ್ಟ ಬಂದರೂ ಅದನ್ನು ಬೀಸೋದಿಲ್ಲ. ಆದರೆ ಇಟ್ಟಿದ್ದೀನಿ ಅಂತ ನಂಬಿ ಸೀದಾ ಹೊಲಕ್ಕೂ ಒಯ್ಯುತ್ತಿರಲಿಲ್ಲ. ಮಳೆಗೆ ಮುಂಚೆ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಅಂತ ಎಣಿಸುತ್ತಿದ್ದರು. ನಾವು ಜೀವಕೋಶದ ಬ್ಯಾಂಕ್ ಮಾಡಿದಾಗಲೂ ಅಷ್ಟೇ, ಕೆಲವು ದಿನ ಬಿಟ್ಟು ಒಂದು ಸೀಸೆ ಕರಗಿಸಿ ಬೆಳೆಸಿ ನೋಡುತ್ತೇವೆ. ಕೋಶಗಳಿಗೆ ಇಷ್ಟು ಮಾಡುವ ನಾವು ವಿಎಂಗೆ ಒಂದು ಸಲವೂ ಮಾಡಿರಲಿಲ್ಲ.

ಸರಿ, ಮಸ್ಕತ್‌ನ ನಮ್ಮ ಕೇಳುಗರಿಗೆ. ಆಮೇಲೆ ಅವರಿಗೆ ಮೇಲ್ ಮಾಡಿ ಇನ್ನಷ್ಟು ವಿವರ ಕೇಳಿದೆ. ಒಂದು ವಿಎಂನಲ್ಲಿ ರೋಗಿಗಳ ಫಲಿತಾಂಶದ ತಂತ್ರಾಂಶ, ವಿಂಡೋಸ್ ಮೇಲೆ ಎಸ್‌ಕ್ಯೂಎಲ್ ಸರ್ವರ್. ಇನ್ನೊಂದರಲ್ಲಿ ವರದಿಗಳ ಪಿಡಿಎಫ್. ಮೂರನೆಯದು ತರಬೇತಿಗೆ. ಮೂರಕ್ಕೂ ಒಂದೇ ಚಿಕಿತ್ಸೆ ಬೇಡ. ಮೂರನೆಯದಕ್ಕೆ ವಾರಕ್ಕೊಂದು ಇಮೇಜ್ ಸಾಕು, ಹೋದರೂ ಯಾರೂ ಅಳೋದಿಲ್ಲ. ಪಿಡಿಎಫ್‌ಗೆ ದಿನಕ್ಕೊಂದು. ಮೊದಲನೆಯದೇ ಜೀವಾಳ. ಅದಕ್ಕೆ ರಾತ್ರಿ ವಿಎಸ್‌ಎಸ್ ಬಳಸುವ ಇಮೇಜ್, ಜೊತೆಗೆ ಹಗಲಿನಲ್ಲಿ ಪ್ರತಿ 15 ನಿಮಿಷಕ್ಕೆ ಡೇಟಾಬೇಸ್‌ನ ಲಾಗ್ ಬ್ಯಾಕಪ್. ಇದಕ್ಕೆ ಡೇಟಾಬೇಸ್ "ಫುಲ್ ರಿಕವರಿ" ಕ್ರಮದಲ್ಲಿರಬೇಕು, "ಸಿಂಪಲ್" ಕ್ರಮದಲ್ಲಿದ್ದರೆ ಲಾಗ್ ಬ್ಯಾಕಪ್ ಆಗೋದೇ ಇಲ್ಲ. ಇನ್ನೊಂದು ಎಚ್ಚರ. ಲಾಗ್ ಬ್ಯಾಕಪ್ ಅನ್ನು ಒಂದೇ ಸಾಧನ ತೆಗೆಯಲಿ. ಒಂದು ಕಂಪನಿಯ ಸಾಧನವೂ ಎಸ್‌ಕ್ಯೂಎಲ್‌ನದ್ದೂ ಎರಡೂ ತೆಗೆದರೆ ಸರಪಳಿಯ ಅರ್ಧ ಕೊಂಡಿ ಇಲ್ಲಿ, ಅರ್ಧ ಅಲ್ಲಿ. ಮರಳಿ ತರುವ ದಿನ ಜೋಡಿಸಲು ಹೊರಟರೆ ಕಣ್ಣೀರು.

ಎಷ್ಟು ಹೊತ್ತು ಬೇಕು ಅನ್ನೋದನ್ನು ಲೆಕ್ಕ ಹಾಕಿಯೇ ನೋಡಿ. ಲ್ಯಾಬ್‌ನಲ್ಲೇ ಇನ್ನೊಂದು ಕೋಣೆಯಲ್ಲಿ ಬ್ಯಾಕಪ್ ಯಂತ್ರ ಇದ್ದು, ನಡುವೆ ಮಾಮೂಲಿ ಒಂದು ಗಿಗಾಬಿಟ್ ಕೇಬಲ್ ಇದ್ದರೆ ಸೆಕೆಂಡಿಗೆ ಸುಮಾರು 110 ಎಂಬಿ ಬರುತ್ತೆ. 600 ಜಿಬಿಗೆ ಒಂದೂವರೆ ಗಂಟೆ. ಅದೇ ಬ್ಯಾಕಪ್ ಕ್ಲೌಡ್‌ನಲ್ಲಿ ಮಾತ್ರ ಇದ್ದು, ನಿಮ್ಮ ಇಂಟರ್‌ನೆಟ್ 50 ಎಂಬಿಪಿಎಸ್ ಆಗಿದ್ದರೆ ಸುಮಾರು 27 ಗಂಟೆ, ಅದೂ ನಡುವೆ ಎಲ್ಲೂ ನಿಲ್ಲದಿದ್ದರೆ. ಮೂರು ಕಂಪನಿಗಳಲ್ಲಿ ಒಬ್ಬರು "ಎಲ್ಲ ಕ್ಲೌಡ್‌ಗೆ ಹಾಕಿ, ಅಗ್ಗ" ಅಂದಿದ್ದರಂತೆ. 27 ಗಂಟೆ ರೋಗಿಗಳನ್ನು ವಾಪಸ್ ಕಳಿಸೋಕೆ ಸಿದ್ಧವಿದ್ದರೆ ಅಗ್ಗವೇ. ಹತ್ತಿರದಲ್ಲೊಂದು ಬೇಗ ಎಬ್ಬಿಸೋಕೆ, ದೂರದಲ್ಲೊಂದು ಬೆಂಕಿಗೆ. ದೂರ ಕಳಿಸುವ ಮುಂಚೆ ಇಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸಿ, ರೋಗಿಗಳ ವಿವರ ಅದು. ಆ ಕೀಲಿಯನ್ನು ಕಾಗದದಲ್ಲಿ ಅಚ್ಚು ಮಾಡಿ ಬೇರೆ ಕಟ್ಟಡದಲ್ಲಿಡಿ. ಅದೇ ವಿಎಂ ಒಳಗೆ ಇಟ್ಟರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಕೊಳ್ಳುವ ಮುಂಚೆ ಮೂವರಿಗೂ ಒಂದೇ ಮಾತು ಹೇಳಿ. "ನಿಮ್ಮ ಬ್ಯಾಕಪ್‌ನಿಂದ ಈ ವಿಎಂ ಅನ್ನು ನನ್ನೆದುರಿಗೆ, ಬೇರೊಂದು ಯಂತ್ರದಲ್ಲಿ ಎಬ್ಬಿಸಿ ತೋರಿಸಿ. ಹೋದ ವಾರದ ಒಬ್ಬ ರೋಗಿಯ ಹಿಮೋಗ್ಲೋಬಿನ್ ಎಷ್ಟು ಅಂತ ನಾನು ನೋಡಬೇಕು." ಎಬ್ಬಿಸುವಾಗ ಅದನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿಡೋದು ಮರೆಯಬೇಡಿ. ಇಲ್ಲದಿದ್ದರೆ ಒಂದೇ ವಿಳಾಸದ ಎರಡು ಸರ್ವರ್ ಆಗಿ, ಪರೀಕ್ಷಾ ಯಂತ್ರಗಳು ಯಾವುದಕ್ಕೆ ಫಲಿತಾಂಶ ಕಳಿಸುತ್ತವೆ ಅಂತ ಹೇಳೋಕೆ ಬರೋದಿಲ್ಲ.

ನಮ್ಮಲ್ಲಿ ಈಗ ಮೂರು ತಿಂಗಳಿಗೊಮ್ಮೆ ಇದನ್ನು ಮಾಡುತ್ತೇವೆ. ಮಾಡುವವರು ಸರದಿಯಲ್ಲಿ ಬದಲಾಗುತ್ತಾರೆ, ಯಾಕಂದ್ರೆ ಗೊತ್ತಿರುವ ಒಬ್ಬರೇ ರಜೆಗೆ ಊರಿಗೆ ಹೋದಾಗಲೇ ಡಿಸ್ಕ್ ಕೆಡುತ್ತೆ. ಹೋದ ಸಲ ನನ್ನ ಸರದಿ. ಶುರುವಿನಿಂದ ಕೊನೆಗೆ 2 ಗಂಟೆ 10 ನಿಮಿಷ ಆಯಿತು. ಅದರಲ್ಲಿ 40 ನಿಮಿಷ ಹೋದದ್ದು ಬ್ಯಾಕಪ್ ಸರ್ವರ್‌ನ ಪಾಸ್‌ವರ್ಡ್ ಬರೆದಿಟ್ಟ ಲಕೋಟೆ ಯಾವ ಕಪಾಟಿನಲ್ಲಿದೆ ಅಂತ ಹುಡುಕೋಕೆ. ಸಿಕ್ಕಿತು. ವಿಎಂ ಎದ್ದಿತು, ಎರಡನೇ ಡಿಸ್ಕ್ ಇತ್ತು, ಡೇಟಾಬೇಸ್ ತೆರೆಯಿತು. ಹಿಂದಿನ ಸಂಜೆ ನಾನೇ ಎಣಿಸಿ ಬರೆದಿದ್ದ ಕೊನೆಯ ಸಾಲು ಅಲ್ಲಿತ್ತು, 72 ಗಂಟೆಯ ಮರಿ, ನಿಮಿಷಕ್ಕೆ 148 ಬಡಿತ.

ಮಸ್ಕತ್‌ನವರು ಮೊದಲ ಸಲ ಎಬ್ಬಿಸಿ ನೋಡಿದ ಮೇಲೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದು ತಿಳಿಸುತ್ತೇನೆ ಅಂದಿದ್ದಾರೆ. ಬಂದರೆ ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.